ಟೋಕಿಯೋದಲ್ಲಿ ಒಳ್ಳೆ ಬರ್ಗರ್ ತಿನ್ನಬೇಕಾ? ಮೊದಲು ಇದನ್ನು ಓದಿ

ಜಪಾನಿಗೆ ಹೊರಟವರ ಪಟ್ಟಿಯಲ್ಲಿ ಸುಶಿ ಇರುತ್ತದೆ, ರಾಮೆನ್ ಇರುತ್ತದೆ. ಬರ್ಗರ್ ಇರುವುದು ಅಪರೂಪ. ಅಷ್ಟು ದೂರ ಹೋಗಿ ಬರ್ಗರ್ ತಿನ್ನಬೇಕಾ ಅಂತ ಕೇಳುವವರೇ ಜಾಸ್ತಿ. ತಿನ್ನಬೇಕು ಅನ್ನುವ ಕಡೆಯವನು ನಾನು. ಟೋಕಿಯೋದಲ್ಲಿ ‘ಗುರುಮೆ ಬಾಗಾ’ (ಗೌರ್ಮೆ ಬರ್ಗರ್) ಅಂತ ಕರೆಯುವ ಅಂಗಡಿಗಳ ಒಂದು ಪಂಗಡವೇ ಇದೆ. ಹೆಚ್ಚಿನವು ಸಣ್ಣವು. ಕೆಲವೇ ಸೀಟು, ಒಂದು ದೊಡ್ಡ ಕಾವಲಿ, ಅದರ ಮುಂದೆ ಒಬ್ಬರೋ ಇಬ್ಬರೋ ನಿಂತಿರುತ್ತಾರೆ, ನೀವು ಆರ್ಡರ್ ಕೊಟ್ಟ ಮೇಲೆಯೇ ಪ್ಯಾಟಿ, ಅಂದರೆ ಕೀಮಾದ ಬಿಲ್ಲೆ, ಕಾವಲಿಗೆ ಬೀಳುತ್ತದೆ. ಆಮೇಲೆ ಇಪ್ಪತ್ತು ನಿಮಿಷ ಕಾಯಬೇಕಾಗಬಹುದು. ಬೆಲೆ ಸಾಮಾನ್ಯವಾಗಿ 1,300ರಿಂದ 2,500 ಯೆನ್ ಒಳಗೆ. 1,500 ಯೆನ್ ಅಂದರೆ ಈಚಿನ ಲೆಕ್ಕದಲ್ಲಿ ನಮ್ಮ 800-900 ರೂಪಾಯಿ.

ಇಂಥ ಅಂಗಡಿಯಲ್ಲಿ ಅಡುಗೆ ಅವರ ಕೆಲಸ, ಅದನ್ನು ಅವರು ಚೆನ್ನಾಗಿಯೇ ಮಾಡುತ್ತಾರೆ. ನಿಮ್ಮ ಕೆಲಸ ಬಾಗಿಲು ತಲುಪುವ ಮೊದಲೇ ಮುಗಿದಿರಬೇಕು. ಯಾವ ಮಾಂಸ, ಯಾವ ಅಂಗಡಿ, ಯಾವ ದಿನ, ಎಷ್ಟು ಗಂಟೆಗೆ, ಜೇಬಿನಲ್ಲಿ ನಗದು ಇದೆಯಾ. ಇಷ್ಟು ಗಟ್ಟಿ ಮಾಡಿಕೊಂಡು ಹೋದವರು ಖುಷಿಯಾಗಿ ತಿಂದು ಬರುತ್ತಾರೆ. ಸುಮ್ನೆ ಮ್ಯಾಪ್ ನೋಡಿಕೊಂಡು ಹೋದವರು ಮುಚ್ಚಿದ ಬಾಗಿಲಿನ ಫೋಟೋ ತೆಗೆದುಕೊಂಡು ವಾಪಸ್ ಬರುತ್ತಾರೆ.

ಮೊದಲು ಮಾಂಸದ ವಿಷಯ

ಇದನ್ನು ಕ್ಯೂನಲ್ಲಿ ನಿಂತು ಯೋಚಿಸಬೇಡಿ, ಹೋಟೆಲ್ ರೂಮಿನಲ್ಲೇ ತೀರ್ಮಾನ ಮಾಡಿ. ಜಪಾನಿನಲ್ಲಿ ಬರ್ಗರ್ ಅಂದರೆ ಬೀಫ್, ದನದ ಮಾಂಸ. ಮೆನುವಿನಲ್ಲಿ ಬರೀ ‘ಹ್ಯಾಂಬರ್ಗರ್’ ಅಂತ ಇದ್ದರೂ ಅದು ಬೀಫೇ. ಕೆಲವು ಕಡೆ ಬೀಫ್ ಜೊತೆ ಹಂದಿ ಮಾಂಸ ಬೆರೆಸುತ್ತಾರೆ, ಆ ಮಿಶ್ರಣಕ್ಕೆ ‘ಐಬಿಕಿ’ ಅನ್ನುತ್ತಾರೆ. ಬೀಫ್ ಓಕೆ, ಹಂದಿ ಬೇಡ ಅನ್ನುವವರು ಇದನ್ನು ಕೇಳಿಯೇ ಕೂರಬೇಕು. ಬೇಕನ್ ಹಾಕಿದ್ದರೆ ಅದು ಹಂದಿಯದೇ ಅಂತ ಇಟ್ಟುಕೊಳ್ಳಿ. ಅವೊಕಾಡೊ ಬರ್ಗರ್ ಅಂತ ಹೆಸರು ನೋಡಿ ಸಸ್ಯಾಹಾರ ಅಂದುಕೊಳ್ಳುವವರಿದ್ದಾರೆ. ಅದು ಬೀಫ್ ಪ್ಯಾಟಿಯ ಮೇಲೆ ಅವೊಕಾಡೊ ಇಟ್ಟದ್ದು, ಅಷ್ಟೇ.

ಬೀಫ್ ತಿನ್ನದವರಿಗೆ ದಾರಿ ಇಲ್ಲವೆಂದಲ್ಲ. ಹಲವು ಅಂಗಡಿಗಳಲ್ಲಿ ಚಿಕನ್ ಬರ್ಗರ್ ಇರುತ್ತದೆ. ಕೆಲವು ಕಡೆ ಮೀನು ಅಥವಾ ಸಿಗಡಿಯದೂ ಇರುತ್ತದೆ. ಆದರೆ ಬೇಯಿಸುವ ಕಾವಲಿ ಒಂದೇ, ಸಟ್ಟುಗ ಒಂದೇ. ಬೀಫ್ ಪ್ಯಾಟಿ ಇಳಿಸಿದ ಜಾಗದಲ್ಲೇ ನಿಮ್ಮ ಚಿಕನ್ ಬೇಯುತ್ತದೆ, ಅದೇ ಕೊಬ್ಬಿನ ಮೇಲೆ ಬನ್ ಕೂಡ ಟೋಸ್ಟ್ ಆಗಬಹುದು. ಇದು ನಡೆಯುತ್ತದೆ ಅನ್ನುವವರು ಧಾರಾಳವಾಗಿ ಹೋಗಿ. ನಡೆಯುವುದಿಲ್ಲ ಅನ್ನುವವರು ಇಂಥ ಅಂಗಡಿಗೆ ಹೋಗದಿರುವುದೇ ಒಳ್ಳೆಯದು. ಅಲ್ಲಿ ಹೋಗಿ ‘ಬೇರೆ ಪಾತ್ರೆಯಲ್ಲಿ ಮಾಡಿಕೊಡಿ’ ಅಂತ ಕೇಳಿದರೆ ಅವರು ಮುಖ ಸಣ್ಣದು ಮಾಡಿಕೊಂಡು ಹತ್ತು ಸಲ ಕ್ಷಮೆ ಕೇಳುತ್ತಾರೆ. ಕೆಲಸ ಮಾತ್ರ ಆಗುವುದಿಲ್ಲ.

ಪೂರ್ತಿ ಸಸ್ಯಾಹಾರಿಗಳಿಗೆ ಇನ್ನೂ ಎರಡು ಮಾತು. ಬನ್‌ನಲ್ಲಿ ಮೊಟ್ಟೆ, ಹಾಲು, ಬೆಣ್ಣೆ, ಕೆಲವೊಮ್ಮೆ ಹಂದಿ ಕೊಬ್ಬು ಇರಬಹುದು. ಫ್ರೆಂಚ್ ಫ್ರೈಸ್ ಕೂಡ ಕಣ್ಣು ಮುಚ್ಚಿ ತಿನ್ನುವಂಥದ್ದಲ್ಲ. ಮೆಕ್‌ಡೊನಾಲ್ಡ್ಸ್ ಜಪಾನಿನಲ್ಲಿ ಫ್ರೈಸ್ ಕರಿಯುವ ಎಣ್ಣೆಯಲ್ಲೇ ಬೀಫ್ ಕೊಬ್ಬು ಬೆರೆತಿರುತ್ತದೆ. ‘ಬರೀ ಆಲೂಗಡ್ಡೆ ತಾನೆ’ ಅಂತ ಮಕ್ಕಳಿಗೆ ಕೊಡಿಸುವ ಅಪ್ಪ ಅಮ್ಮಂದಿರಿಗೆ ಇದು ಗೊತ್ತಿರಲಿ. ಬದಲಿಗೆ ಮಾಸ್ ಬರ್ಗರ್ ಅನ್ನುವ ಜಪಾನೀ ಚೈನ್ 2020ರಲ್ಲಿ ‘ಗ್ರೀನ್ ಬರ್ಗರ್’ ಅಂತ ಶುರು ಮಾಡಿತು. ಅದರಲ್ಲಿ ಪ್ರಾಣಿಜನ್ಯ ಪದಾರ್ಥ ಬಳಸಿಲ್ಲ, ಜೊತೆಗೆ ಈರುಳ್ಳಿ ಬೆಳ್ಳುಳ್ಳಿಯ ಜಾತಿಯವನ್ನೂ ಬಿಟ್ಟಿದ್ದಾರೆ. ಅಲ್ಲಿನ ಬೌದ್ಧ ಪದ್ಧತಿಯಲ್ಲಿ ವರ್ಜ್ಯವಾದ ಐದು ಗಾಟು ತರಕಾರಿಗಳ ಲೆಕ್ಕ ಅದು. ನಮ್ಮಲ್ಲಿ ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಮನೆಯವರಿಗೆ ಹೇಳಿ ಮಾಡಿಸಿದ ಹಾಗಿದೆ. ಅಡುಗೆಮನೆ ಅಲ್ಲೂ ಒಂದೇ, ಅದನ್ನು ನೆನಪಿಡಿ. ಹೋಗುವ ದಿನ ಮೆನುವಿನಲ್ಲಿ ಇದೆಯಾ ಅಂತಲೂ ನೋಡಿಕೊಳ್ಳಿ.

ಹುಡುಕುವಾಗ ಒಂದು ಎಚ್ಚರಿಕೆ. ಜಪಾನಿನಲ್ಲಿ ‘ಹಂಬಾಗು’ ಅಂತ ಇನ್ನೊಂದು ತಿನಿಸು ಇದೆ. ಅದರಲ್ಲಿ ಬನ್ ಇರುವುದಿಲ್ಲ, ತಟ್ಟೆಯಲ್ಲಿ ಕೀಮಾ ಸ್ಟೇಕ್, ಪಕ್ಕದಲ್ಲಿ ಅನ್ನ. ಮ್ಯಾಪ್‌ನಲ್ಲಿ ಅವಸರದಲ್ಲಿ ಹುಡುಕಿದರೆ ಅದೇ ಮೊದಲು ಬರುತ್ತದೆ.

ರೇಟಿಂಗ್ ಓದುವ ರೀತಿ

ಇಲ್ಲಿ ನಮ್ಮವರು ತುಂಬಾ ಜನ ಎಡವುತ್ತಾರೆ. ಜಪಾನೀಯರು ಊಟದ ಅಂಗಡಿ ಹುಡುಕಲು ಹೆಚ್ಚಾಗಿ ನೋಡುವುದು ‘ತಬೆಲಾಗ್’ ಅನ್ನುವ ತಾಣವನ್ನು. 2005ರಲ್ಲಿ ಶುರುವಾದದ್ದು. ಅದರಲ್ಲಿ ಅಂಕ 5ಕ್ಕೆ. ನೀವು ಇಷ್ಟಪಟ್ಟು ಆರಿಸಿದ ಅಂಗಡಿಗೆ 3.5 ಅಂಕ ಕಾಣಿಸುತ್ತದೆ. ಸ್ವಿಗ್ಗಿ ಝೊಮ್ಯಾಟೊ ನೋಡಿ ಅಭ್ಯಾಸವಾದ ಕಣ್ಣಿಗೆ ಅದು ಸೋತ ಅಂಗಡಿಯ ಅಂಕ. ಅಲ್ಲಿ ಮಾತ್ರ 3.5 ಅಂದರೆ ಬಹಳ ಒಳ್ಳೆ ಅಂಗಡಿ. ತಾಣದಲ್ಲಿರುವ ಎಲ್ಲ ಅಂಗಡಿಗಳ ಪೈಕಿ ಸುಮಾರು ಶೇ 3ರಷ್ಟು ಮಾತ್ರ 3.5 ದಾಟುತ್ತವೆ. 3.2 ಇದ್ದರೂ ತಿನ್ನುವಂತಿರುತ್ತದೆ. ಬಂದ ಅಂಕಗಳನ್ನೆಲ್ಲ ಕೂಡಿಸಿ ಭಾಗಿಸುವ ಲೆಕ್ಕವೂ ಅಲ್ಲ ಅದು, ತುಂಬಾ ಕಡೆ ತಿಂದು ಬರೆದು ಅನುಭವ ಇರುವವರ ಮಾತಿಗೆ ತೂಕ ಜಾಸ್ತಿ.

ಅದೇ ತಾಣ 2017ರಿಂದ ‘ಹ್ಯಾಕುಮೇತೆನ್’ ಅಂತ ಒಂದೊಂದು ಬಗೆಯ ತಿನಿಸಿಗೆ ನೂರು ಅಂಗಡಿಗಳ ಆಯ್ಕೆಪಟ್ಟಿ ಹೊರಡಿಸುತ್ತಿದೆ. ರಾಮೆನ್‌ಗೆ, ಉದೊನ್ ನೂಡಲ್ಸ್‌ಗೆ ಇರುವ ಹಾಗೆ ಬರ್ಗರ್‌ಗೂ ಇದೆ. ಆ ಪಟ್ಟಿಯಲ್ಲಿ ಬಂದ ಅಂಗಡಿಗಳು ಬಾಗಿಲ ಬಳಿ ಅದರ ಗುರುತು ಅಂಟಿಸಿಕೊಳ್ಳುವುದುಂಟು. ಹೊಸಬರಿಗೆ ಇದಕ್ಕಿಂತ ಸುಲಭದ ದಾರಿ ನನಗೆ ಕಾಣುವುದಿಲ್ಲ. ಆ ಪಟ್ಟಿ ತೆಗೆದು, ನೀವು ಉಳಿದುಕೊಂಡ ಜಾಗಕ್ಕೆ ಹತ್ತಿರ ಇರುವುದನ್ನು ಆರಿಸಿ. ಮುಗಿಯಿತು.

ಗೂಗಲ್ ರೇಟಿಂಗ್ ಬೇಡ ಅನ್ನುತ್ತಿಲ್ಲ. ಆದರೆ ಅಲ್ಲಿ ಒಂದು ಸ್ಟಾರ್ ಕೊಟ್ಟವರ ದೂರು ಏನು ಅಂತ ಓದಿ. ‘ಒಂದು ಗಂಟೆ ಕಾಯಿಸಿದರು’, ‘ಕಾರ್ಡ್ ತೆಗೆದುಕೊಳ್ಳಲಿಲ್ಲ’, ‘ಆರು ಜನ ಹೋಗಿದ್ದೆವು, ಸೀಟಿಲ್ಲ ಅಂದರು’. ಇವು ಯಾವುವೂ ಬರ್ಗರ್ ಬಗ್ಗೆ ಅಲ್ಲ. ಅವನ್ನು ಬದಿಗಿಟ್ಟು ಈಚಿನ ಫೋಟೋಗಳನ್ನು ನೋಡಿ. ಒಂದೇ ಬರ್ಗರನ್ನು ಬೇರೆ ಬೇರೆ ದಿನ ಬೇರೆ ಬೇರೆಯವರು ತೆಗೆದ ಫೋಟೋದಲ್ಲಿ ಅದು ಒಂದೇ ಥರ ಕಾಣುತ್ತಿದ್ದರೆ ಅಡುಗೆಮನೆ ಶಿಸ್ತಿನದು. ಮೆನು ಕಾರ್ಡಿನ ಫೋಟೋ ಸಿಕ್ಕರೆ ತಾರೀಖು ನೋಡಿ, ಎರಡು ಮೂರು ವರ್ಷ ಹಳೆಯದಾದರೆ ಬೆಲೆ ಏರಿರುತ್ತದೆ.

ಯಾವ ಅಂಗಡಿ?

ಜಪಾನಿನ ಹೆಚ್ಚಿನ ಜನಕ್ಕೆ ಬರ್ಗರ್ ಪರಿಚಯವಾದದ್ದು ಚೈನ್‌ಗಳಿಂದ. ಡೊಮ್‌ಡೊಮ್ ಅನ್ನುವ ಜಪಾನೀ ಚೈನ್ 1970ರಲ್ಲಿ ಬಂತು. 1971ರ ಜುಲೈ 20ರಂದು ಗಿಂಜಾದ ಮಿತ್ಸುಕೋಶಿ ಮಳಿಗೆಯಲ್ಲಿ ಜಪಾನಿನ ಮೊದಲ ಮೆಕ್‌ಡೊನಾಲ್ಡ್ಸ್ ತೆರೆಯಿತು. ಮರುವರ್ಷ ಮಾಸ್ ಬರ್ಗರ್ ನರಿಮಾಸುವಿನಲ್ಲಿ ಬಾಗಿಲು ತೆಗೆದು, 1973ರಲ್ಲಿ ತೆರಿಯಾಕಿ ಬರ್ಗರ್ ಮಾಡಿತು. ಕೈಯಲ್ಲಿ ಬೇಯಿಸಿ ಕೊಡುವ ದುಬಾರಿ ಬರ್ಗರಿನ ಅಂಗಡಿಗಳು ಹೆಚ್ಚಾಗಿ ಬಂದದ್ದು ಅದಾಗಿ ಎರಡು ದಶಕದ ಮೇಲೆ. ಹೊಂಗೋದ ‘ಫೈರ್ ಹೌಸ್’ 1996ರದು, ನಿಂಗ್ಯೋಚೋದ ‘ಬ್ರೋಜರ್ಸ್’ 2000ದ್ದು. ಈ ಎರಡೂ ಹೆಸರು ಬರದೆ ಟೋಕಿಯೋ ಬರ್ಗರಿನ ಮಾತು ಮುಗಿಯುವುದಿಲ್ಲ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಬ್ರೋಜರ್ಸ್. ಅಲ್ಲಿಯ ಹೆಸರುವಾಸಿ ‘ಲಾಟ್ ಬರ್ಗರ್’ನಲ್ಲಿ ಮೊಟ್ಟೆ, ಬೇಕನ್, ಚೀಸ್, ಅನಾನಸ್ ಎಲ್ಲ ಒಟ್ಟಿಗೆ ಬರುತ್ತದೆ. ಆಸ್ಟ್ರೇಲಿಯಾದವರ ರೀತಿ ಅದು. ಅನಾನಸ್ ಹೆಸರು ಕೇಳಿ ಮುಖ ಸಿಂಡರಿಸಬೇಡಿ, ಕೊಬ್ಬಿನ ಮಾಂಸದ ಜೊತೆ ಆ ಹುಳಿ ಸಿಹಿ ಚೆನ್ನಾಗಿ ಹೊಂದುತ್ತದೆ. ಫೈರ್ ಹೌಸ್‌ನಲ್ಲಿ ಮೊಝರೆಲ್ಲಾ ಮತ್ತು ಅಣಬೆಯ ಬರ್ಗರ್ ಪ್ರಸಿದ್ಧ. ಅದು ಟೋಕಿಯೋ ವಿಶ್ವವಿದ್ಯಾಲಯದ ಹೊಂಗೋ ಕ್ಯಾಂಪಸ್‌ಗೆ ಹತ್ತಿರ, ಹೊಂಗೋ ಸಾನ್‌ಚೋಮೆ ಸ್ಟೇಷನ್ನಿನಲ್ಲಿ ಇಳಿದು ನಡೆದು ಹೋಗಬಹುದು. ಶಿಬಾ ಕಡೆ ‘ಮಂಚಸ್ ಬರ್ಗರ್ ಶ್ಯಾಕ್’ ಇದೆ. 2017ರ ನವೆಂಬರಿನಲ್ಲಿ ಟ್ರಂಪ್ ಬಂದಾಗ ಆಗಿನ ಪ್ರಧಾನಿ ಶಿಂಜೊ ಅಬೆ ಗಾಲ್ಫ್ ಕ್ಲಬ್ಬಿನಲ್ಲಿ ಅವರಿಗೆ ತಿನ್ನಿಸಿದ್ದು ಈ ಅಂಗಡಿಯವರ ಬರ್ಗರ್, ಕೋಲ್ಬಿ ಜ್ಯಾಕ್ ಚೀಸ್ ಹಾಕಿದ್ದು. ಜಪಾನಿಗೆ ಬಂದ ಅತಿಥಿಗೆ ಬರ್ಗರ್ ಬಡಿಸಿದ್ದು ಆಗ ದೊಡ್ಡ ಸುದ್ದಿಯಾಗಿತ್ತು.

ಇನ್ನು ವಾಗ್ಯು, ಅಂದರೆ ಜಪಾನೀ ತಳಿಯ ದನದ ಮಾಂಸ. ಪ್ರವಾಸಿಗರೆಲ್ಲ ‘ಎ5 ವಾಗ್ಯು ಬರ್ಗರ್’ ಅಂತ ಬರೆದ ಬೋರ್ಡಿನ ಹಿಂದೆ ಓಡುತ್ತಾರೆ. ಆ ಗ್ರೇಡಿನಲ್ಲಿ ‘ಎ’ ಅನ್ನುವುದು ಒಂದು ಪ್ರಾಣಿಯಿಂದ ಎಷ್ಟು ಮಾಂಸ ಸಿಗುತ್ತದೆ ಅನ್ನುವ ಲೆಕ್ಕ, 5 ಅನ್ನುವುದು ಕೊಬ್ಬಿನ ಹರಡಿಕೆ, ಬಣ್ಣ, ಹದ ಇವುಗಳ ಅಂಕ. ಸ್ಟೇಕ್‌ಗೆ ಇದು ದೊಡ್ಡ ವಿಷಯ. ಕೀಮಾ ಮಾಡಿದ ಮೇಲೆ ಆ ನಯವಾದ ಗೆರೆಗೆರೆ ಕೊಬ್ಬು ಎಲ್ಲಿ ಉಳಿಯುತ್ತದೆ ಹೇಳಿ. ವಾಗ್ಯು ಕೊಬ್ಬು ಕಡಿಮೆ ಶಾಖಕ್ಕೇ ಕರಗುತ್ತದೆ. ಬರೀ ಅದರಿಂದಲೇ ಪ್ಯಾಟಿ ಮಾಡಿದರೆ ಬಾಯಲ್ಲಿ ಎಣ್ಣೆ ಉಳಿಯುತ್ತದೆ, ಅಗಿಯಲು ಏನೂ ಇರುವುದಿಲ್ಲ. ಒಳ್ಳೆ ಅಂಗಡಿಯವರು ಕೊಬ್ಬು ಕಡಿಮೆ ಇರುವ ಮಾಂಸವನ್ನು ದಪ್ಪದಪ್ಪ ಕೊಚ್ಚಿ ಅದಕ್ಕೆ ಹದವಾಗಿ ಕೊಬ್ಬು ಸೇರಿಸುತ್ತಾರೆ. ಅಂಥ ಪ್ಯಾಟಿ ಕಚ್ಚಿದರೆ ಮಾಂಸದ ತುಂಡು ತುಂಡು ಹಲ್ಲಿಗೆ ಸಿಗುತ್ತದೆ. ವಾಗ್ಯು ತಿನ್ನಲೇಬೇಕು ಅಂತಿದ್ದರೆ ಬೇರೆ ದಿನ ಸುಟ್ಟ ಮಾಂಸದ ಅಂಗಡಿಗೆ ಹೋಗಿ ತಿನ್ನಿ, ದುಡ್ಡಿಗೆ ಬೆಲೆ ಬರುತ್ತದೆ.

ದಿನ ಮತ್ತು ಹೊತ್ತು

ಬಹುಪಾಲು ಅಂಗಡಿಗಳು 11 ಅಥವಾ 11:30ಕ್ಕೆ ತೆರೆಯುತ್ತವೆ. ಕೆಲವು ಮಧ್ಯಾಹ್ನ ಎರಡು ಮೂರು ಗಂಟೆ ಹೊತ್ತಿಗೆ ಮುಚ್ಚಿ ಸಂಜೆ ಮತ್ತೆ ತೆರೆಯುತ್ತವೆ. ಮುಚ್ಚುವುದಕ್ಕೆ ಅರ್ಧ ಗಂಟೆ ಮೊದಲೇ ಕೊನೆಯ ಆರ್ಡರ್. ಬೋರ್ಡಿನಲ್ಲಿ ಮೂರು ಗಂಟೆವರೆಗೆ ಅಂತ ಇದ್ದರೆ ಎರಡೂವರೆಗೆ ಆಟ ಮುಗಿದ ಹಾಗೆ.

ಬುಧವಾರ ಅಥವಾ ಗುರುವಾರ ಮಧ್ಯಾಹ್ನ ಒಂದೂವರೆ, ಇದು ನನ್ನ ಆಯ್ಕೆ. ಹನ್ನೆರಡರಿಂದ ಒಂದರವರೆಗೆ ಆಫೀಸಿನವರ ಊಟದ ಹೊತ್ತು, ಆಗ ಕ್ಯೂ ಜೋರು. ಒಂದೂಕಾಲರ ಹೊತ್ತಿಗೆ ಅವರೆಲ್ಲ ಎದ್ದು ಹೋಗಿರುತ್ತಾರೆ. ಶನಿವಾರ ಭಾನುವಾರವೇ ಹೋಗಬೇಕು ಅಂದರೆ ಬಾಗಿಲು ತೆರೆಯುವುದಕ್ಕೆ ಮೊದಲೇ ಹೋಗಿ ನಿಲ್ಲಿ. ಮೊದಲ ಬ್ಯಾಚಿನಲ್ಲಿ ಸೀಟು ಸಿಕ್ಕದಿದ್ದರೆ ಎರಡನೆಯದಕ್ಕೆ ಮುಕ್ಕಾಲು ಗಂಟೆ ಆಗಬಹುದು, ಯಾಕಂದರೆ ಅಲ್ಲಿ ಯಾರನ್ನೂ ಎಬ್ಬಿಸುವುದಿಲ್ಲ.

ವಾರದ ರಜೆ ಅಂಗಡಿಗೊಂದು ಥರ, ಸೋಮವಾರ ಮಂಗಳವಾರ ಹೆಚ್ಚು. ಸೋಮವಾರ ಸರ್ಕಾರಿ ರಜೆ ಬಂದರೆ ಅಂದು ತೆರೆದು ಮಂಗಳವಾರ ಮುಚ್ಚುವ ರೂಢಿ ಇದೆ. ಹೊಸ ವರ್ಷ, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಸಾಲು ರಜೆ ಗೋಲ್ಡನ್ ವೀಕ್, ಆಗಸ್ಟ್ ಮಧ್ಯದ ಹಿರಿಯರ ಹಬ್ಬ ಓಬೊನ್, ಈ ಹೊತ್ತುಗಳಲ್ಲಿ ಮ್ಯಾಪ್ ಹೇಳುವುದನ್ನು ನಂಬಬೇಡಿ. ಸಣ್ಣ ಅಂಗಡಿಯವರು ದಿಢೀರ್ ರಜೆ, ‘ಇವತ್ತು ಬನ್ ಖಾಲಿ’ ಅನ್ನುವಂಥದ್ದನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುತ್ತಾರೆ. ಹೊರಡುವ ಮೊದಲು ಅಲ್ಲೊಮ್ಮೆ ಕಣ್ಣಾಡಿಸಿ. ಬನ್ ಖಾಲಿ ಅಂದರೆ ನಿಜವಾಗಿ ಖಾಲಿ. ಬೇರೆ ಕಡೆಯಿಂದ ತರಿಸಿ ಇಡುವ ಕೆಲಸ ಮಾಡುವುದಿಲ್ಲ. ಬನ್ ಮಾಡಿಕೊಡುವ ಬೇಕರಿಯೇ ಇಲ್ಲಿ ದೊಡ್ಡ ಹೆಸರು, ಶಿಂಜುಕುವಿನ ಮಿನೆಯಾ ಬೇಕರಿ ಟೋಕಿಯೋದ ಎಷ್ಟೋ ಬರ್ಗರ್ ಅಂಗಡಿಗಳಿಗೆ ಬನ್ ಒದಗಿಸುತ್ತದೆ.

ಹೋಗುವ ದಾರಿ

ಬ್ರೋಜರ್ಸ್‌ಗೆ ಹೋಗುವುದು ಅಂತಿಟ್ಟುಕೊಳ್ಳಿ. ಇಳಿಯುವ ಸ್ಟೇಷನ್ ನಿಂಗ್ಯೋಚೋ, ಹಿಬಿಯಾ ಲೈನ್ ಮತ್ತು ಅಸಕುಸಾ ಲೈನ್ ಎರಡೂ ಬರುತ್ತವೆ. ಬೆಳಗ್ಗೆ ಅಸಕುಸಾದ ಸೆನ್ಸೋಜಿ ದೇವಸ್ಥಾನ ನೋಡುವವರು ಅಲ್ಲಿಂದಲೇ ಅಸಕುಸಾ ಲೈನ್ ಹತ್ತಿದರೆ ಎಲ್ಲೂ ಬದಲಾಯಿಸದೆ ನಾಲ್ಕನೇ ಸ್ಟಾಪ್. ನಿಶಿ ಕಸಾಯಿಯಲ್ಲಿ ನೆಂಟರೋ ಸ್ನೇಹಿತರೋ ಇದ್ದು ಅವರ ಮನೆಯಲ್ಲಿ ಇಳಿದುಕೊಂಡವರು, ಟೋಕಿಯೋದಲ್ಲಿ ಸಾಫ್ಟ್‌ವೇರ್ ಕೆಲಸದ ಭಾರತೀಯರು ಜಾಸ್ತಿ ಇರುವುದು ಅಲ್ಲೇ ಅಲ್ವಾ, ತೊಜಾಯ್ ಲೈನಿನಲ್ಲಿ ಕಯಾಬಾಚೋವರೆಗೆ ಬಂದು ಹಿಬಿಯಾ ಲೈನಿಗೆ ಬದಲಾಯಿಸಿ, ಮುಂದಿನ ಸ್ಟಾಪೇ ನಿಂಗ್ಯೋಚೋ.

ದೊಡ್ಡ ಸೂಟ್‌ಕೇಸ್ ತಗೊಂಡು ಹೋಗಬೇಡಿ. ಅಂಗಡಿಯೊಳಗೆ ಇಡಲು ಜಾಗವೇ ಇರುವುದಿಲ್ಲ. ಸ್ಟೇಷನ್ನಿನಲ್ಲಿ ಕಾಯಿನ್ ಲಾಕರ್ ಇರುತ್ತದೆ, ಅದರಲ್ಲಿ ಹಾಕಿ. ನಗದು ಇಟ್ಟುಕೊಳ್ಳಿ, ಒಬ್ಬರಿಗೆ 3,000 ಯೆನ್ ಲೆಕ್ಕ ಹಿಡಿದರೆ ಸಾಕು. ಕಾರ್ಡ್ ತೆಗೆದುಕೊಳ್ಳುವ ಅಂಗಡಿ ಈಗ ಜಾಸ್ತಿಯಾಗಿವೆ, ರೈಲಿಗೆ ಬಳಸುವ ಪ್ರೀಪೇಯ್ಡ್ ಸುಯಿಕಾ ಕಾರ್ಡೂ ಹಲವು ಕಡೆ ನಡೆಯುತ್ತದೆ. ಆದರೂ ‘ಗೆನ್‌ಕಿನ್ ನೊಮಿ’, ಅಂದರೆ ನಗದು ಮಾತ್ರ ಅನ್ನುವ ಹಳೆಯ ಅಂಗಡಿಗಳು ಉಳಿದಿವೆ.

ಬಾಗಿಲ ಬಳಿ

ಜನ ನಿಂತಿದ್ದರೆ ಸೀದಾ ಹಿಂದೆ ಹೋಗಿ ನಿಲ್ಲುವ ಮೊದಲು ಬಾಗಿಲ ಪಕ್ಕ ಒಂದು ಸ್ಟ್ಯಾಂಡು, ಅದರ ಮೇಲೊಂದು ಹಾಳೆ ಮತ್ತು ಪೆನ್ನು ಇದೆಯಾ ನೋಡಿ. ಇದ್ದರೆ ಹೆಸರು, ಎಷ್ಟು ಜನ ಅಂತ ಬರೆಯಬೇಕು. ಬರೆಯದೆ ಎಷ್ಟು ಹೊತ್ತು ನಿಂತರೂ ನಿಮ್ಮನ್ನು ಕರೆಯುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನಡೆಯುತ್ತದೆ. ಹೆಸರು ಚಿಕ್ಕದಾಗಿರಲಿ. ವೆಂಕಟೇಶಮೂರ್ತಿ ಅಂತ ಬರೆದರೆ ಆ ಹುಡುಗಿ ಹಾಳೆ ಹಿಡಿದುಕೊಂಡು ಬೆವರುತ್ತಾಳೆ, ಪಾಪ. ರವಿ ಅಂತ ಬರೆದರೆ ‘ರಬಿ ಸಾಮಾ’ ಅಂತ ಕೂಗುತ್ತಾರೆ, ಅದು ನೀವೇ. ಕರೆದಾಗ ಇಲ್ಲದಿದ್ದರೆ ಹೆಸರಿನ ಮೇಲೆ ಗೀಟು ಬೀಳುತ್ತದೆ.

ಕ್ಯೂ ಇದ್ದರೆ ಗೋಡೆಗೆ ಒತ್ತಿಕೊಂಡು ನಿಲ್ಲಿ, ಪಕ್ಕದ ಅಂಗಡಿಯ ಬಾಗಿಲಿಗೆ ಅಡ್ಡ ಬೇಡ. ‘ನಾನು ನಿಂತಿರುತ್ತೇನೆ, ನೀವು ಶಾಪಿಂಗ್ ಮುಗಿಸಿ ಬನ್ನಿ’ ಅನ್ನುವ ನಮ್ಮ ಪದ್ಧತಿ ಅಲ್ಲಿ ನಡೆಯುವುದಿಲ್ಲ. ಎಲ್ಲರೂ ಬಂದ ಮೇಲೆಯೇ ಒಳಗೆ ಬಿಡುವುದು. ನಾಲ್ಕಕ್ಕಿಂತ ಹೆಚ್ಚು ಜನ ಇದ್ದರೆ ಎರಡು ಗುಂಪಾಗಿ, ಬೇರೆ ಬೇರೆ ಟೇಬಲ್ಲಿಗೆ ಒಪ್ಪಿಕೊಳ್ಳಿ. ಒಬ್ಬರೇ ಹೋದರೆ ಲಾಭ, ಕೌಂಟರ್ ಸೀಟು ಬೇಗ ಸಿಗುತ್ತದೆ. ಅದು ಕಾವಲಿಯ ಎದುರೇ ಇದ್ದರೆ ಕೇಳುವುದೇ ಬೇಡ. ಒಬ್ಬರಿಗೆ ‘ಹಿತೊರಿ’, ಇಬ್ಬರಿಗೆ ‘ಫುತಾರಿ’, ಮೂವರಿಗೆ ‘ಸಾನ್‌ನಿನ್’. ಹೇಳುವಾಗ ಬೆರಳೂ ತೋರಿಸಿ, ಅನುಮಾನಕ್ಕೆ ಜಾಗ ಬೇಡ.

ಆರ್ಡರ್

ಕೂತ ಮೇಲೆ ನೀರು, ಕೈ ಒರೆಸುವ ಬಟ್ಟೆ ಅಥವಾ ಕಾಗದ ತಾವಾಗಿ ಬರುತ್ತವೆ. ಕೆಲವು ಕಡೆ ನೀರು ನೀವೇ ಹಿಡಿದುಕೊಳ್ಳಬೇಕು. ಬ್ಯಾಗಿಗೆ ಕುರ್ಚಿಯ ಕೆಳಗೆ ಬುಟ್ಟಿ ಇದ್ದರೆ ಅದರಲ್ಲಿ ಇಡಿ.

ಮೆನು ಉದ್ದ ಇರುತ್ತದೆ, ಆದರೆ ವಿಷಯ ಸರಳ. ಮೂಲ ಬರ್ಗರ್ ಒಂದೇ, ಅದರ ಮೇಲೆ ಚೀಸ್, ಬೇಕನ್, ಮೊಟ್ಟೆ, ಅವೊಕಾಡೊ, ಹಲಪೇನ್ಯೊ ಮೆಣಸಿನಕಾಯಿ ಅಂತ ಏರಿಸುತ್ತಾ ಹೋಗುತ್ತಾರೆ. ಒಂದೊಂದಕ್ಕೂ ನೂರಿನ್ನೂರು ಯೆನ್ ಸೇರುತ್ತದೆ. ಹೊಸ ಅಂಗಡಿಯಲ್ಲಿ ಮೊದಲ ಸಲ ಚೀಸ್ ಬರ್ಗರ್ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಾಂಸ, ಬನ್, ಚೀಸ್, ಈ ಮೂರು ಚೆನ್ನಾಗಿಲ್ಲದ ಅಂಗಡಿಯಲ್ಲಿ ಅವೊಕಾಡೊ ಬಂದು ಏನೂ ಉದ್ಧಾರ ಮಾಡುವುದಿಲ್ಲ. ಪ್ಯಾಟಿ 100 ಗ್ರಾಂಗಿಂತ ಜಾಸ್ತಿಯೇ ಇರುತ್ತದೆ, ಜೊತೆಗೆ ಫ್ರೈಸ್ ಬರುತ್ತದೆ, ಡಬಲ್ ಪ್ಯಾಟಿ ಅಂತ ಆಸೆಬುರುಕತನ ಬೇಡ. ಮಧ್ಯಾಹ್ನದ ಹೊತ್ತು ಡ್ರಿಂಕ್ ಸೇರಿಸಿದ ಲಂಚ್ ಸೆಟ್ ಇದ್ದರೆ ಅದೇ ಲಾಭ.

ಕರೆಯಲು ‘ಸುಮಿಮಾಸೆನ್’ ಅನ್ನಿ, ಸಣ್ಣಗೆ ಕೈ ಎತ್ತಿ. ಚಿಟಿಕೆ ಹೊಡೆಯುವುದು, ಶ್ ಅನ್ನುವುದು ಬೇಡವೇ ಬೇಡ. ಮೆನುವಿನ ಮೇಲೆ ಬೆರಳಿಟ್ಟು ‘ಕೊರೆ ಒನೆಗೈಶಿಮಾಸು’ ಅಂದರೆ ಆಯಿತು. ಏನಾದರೂ ಬೇಡ ಅನ್ನಲು ಅದರ ಹೆಸರಿನ ಕೊನೆಗೆ ‘ನುಕಿ’ ಸೇರಿಸಿ. ಈರುಳ್ಳಿ ಬೇಡ ಅಂದರೆ ‘ತಮಾನೆಗಿ ನುಕಿ’. ಬೀಫ್ ‘ಗ್ಯೂನಿಕು’, ಹಂದಿ ‘ಬುತಾನಿಕು’, ಕೋಳಿ ‘ತೊರಿನಿಕು’, ಮೊಟ್ಟೆ ‘ತಮಾಗೊ’. ಅಲರ್ಜಿ ಇದ್ದರೆ ಮಾತ್ರ ಬಾಯಿ ಮಾತನ್ನು ನೆಚ್ಚಬೇಡಿ. ಜಪಾನೀ ಭಾಷೆಯಲ್ಲಿ ಬರೆದುಕೊಂಡ ಒಂದು ಚೀಟಿ ಫೋನಿನಲ್ಲಿ ಇಟ್ಟುಕೊಂಡು ತೋರಿಸಿ.

ಒಬ್ಬರಿಗೊಂದು ಆರ್ಡರ್ ಅನ್ನುವ ನಿಯಮ ಹಲವು ಅಂಗಡಿಗಳಲ್ಲಿದೆ. ಮೂರು ಜನ ಕೂತು ಒಂದು ಬರ್ಗರ್ ಹಂಚಿಕೊಳ್ಳುವುದು ಆಗದು. ಸಣ್ಣ ಮಕ್ಕಳಿದ್ದರೆ ಅರ್ಧ ಮಾಡಿಕೊಡಲು ಕೇಳಿ, ಕತ್ತರಿಸಿ ಕೊಡುವವರೂ ಇದ್ದಾರೆ, ಚಾಕು ಫೋರ್ಕ್ ಕೊಡುವವರೂ ಇದ್ದಾರೆ.

ಕಾಯುವಾಗ ಕಾವಲಿ ಕಾಣುತ್ತಿದ್ದರೆ ನೋಡುತ್ತಾ ಕೂರಿ. ಪ್ಯಾಟಿಯನ್ನು ಪದೇ ಪದೇ ಮಗುಚುವುದಿಲ್ಲ, ಒಂದು ಬದಿ ಕಂದು ಬಣ್ಣದ ಗರಿಗರಿ ಪದರ ಕಟ್ಟುವವರೆಗೆ ಬಿಡುತ್ತಾರೆ. ಬನ್ ಕತ್ತರಿಸಿದ ಬದಿಯನ್ನು ಕೆಳಗೆ ಮಾಡಿ ಕಾವಲಿಗೆ ಒತ್ತುತ್ತಾರೆ, ಅದು ಗಟ್ಟಿಯಾದರೆ ರಸ ಒಳಗೆ ಇಳಿದು ಬನ್ ಮೆತ್ತಗಾಗುವುದಿಲ್ಲ. ಆಮೇಲೆ ಲೆಟಿಸ್. ಒಂದು ದೊಡ್ಡ ಎಲೆಯನ್ನು ಮಡಚಿ, ಮತ್ತೆ ಮಡಚಿ, ಅಂಗೈಯಲ್ಲಿ ಚಪ್ಪಟೆ ಮಾಡಿ ಬನ್‌ನಷ್ಟೇ ಅಗಲದ ದಿಂಡು ಮಾಡುತ್ತಾರೆ. ಆ ದಿಂಡಿನ ಮೇಲೆ ಟೊಮೆಟೊ, ಅದರ ಮೇಲೆ ಪ್ಯಾಟಿ. ಎತ್ತರ ಎಷ್ಟಿದ್ದರೂ ವಾಲುವುದಿಲ್ಲ ಯಾಕೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಈಗ ತಿನ್ನುವುದು

ಬರ್ಗರ್ ಬರುತ್ತದೆ, ನೆತ್ತಿಗೊಂದು ಉದ್ದನೆಯ ಕಡ್ಡಿ ಚುಚ್ಚಿರುತ್ತದೆ. ಬಾಯಿ ಎಷ್ಟು ಅಗಲಿಸಿದರೂ ಹಿಡಿಯುವುದಿಲ್ಲ ಅನ್ನಿಸುತ್ತದೆ. ಟೇಬಲ್ಲಿನ ಮೇಲೆ ಅಥವಾ ತಟ್ಟೆಯಲ್ಲಿ ತೆಳ್ಳಗಿನ ಕಾಗದದ ಒಂದು ಚೀಲ ಇರುತ್ತದೆ, ಎರಡು ಬದಿ ಅಂಟಿದ್ದು ಎರಡು ಬದಿ ತೆರೆದದ್ದು. ಟಿಶ್ಯೂ ಅಂದುಕೊಂಡು ಅದರಲ್ಲಿ ಬಾಯಿ ಒರೆಸಬೇಡಿ. ಎಲ್ಲ ಕರಾಮತ್ತು ಅದರಲ್ಲೇ ಇರುವುದು.

ಮೊದಲು ಕಡ್ಡಿ ತೆಗೆಯದೆ ಮೇಲಿನ ಬನ್ ಮೇಲೆ ಅಂಗೈ ಇಟ್ಟು ನಿಧಾನವಾಗಿ ಒತ್ತಿ. ಲೆಟಿಸ್ ಗಾಳಿ ಬಿಟ್ಟು ಕುಗ್ಗುತ್ತದೆ, ಎತ್ತರ ಇಳಿಯುತ್ತದೆ. ಕಾಗದದ ಚೀಲವನ್ನು ಎಡಗೈಯಲ್ಲಿ ಬಾಯಿ ತೆರೆದು ಹಿಡಿದು, ಬಲಗೈಯಲ್ಲಿ ಬರ್ಗರ್ ಎತ್ತಿ ಅಂಟಿದ ಮೂಲೆಯವರೆಗೂ ಒಳಗೆ ತಳ್ಳಿ. ಈಗ ಕಡ್ಡಿ ಎಳೆಯಿರಿ. ಎರಡೂ ಕೈಯಲ್ಲಿ ಹಿಡಿಯಿರಿ, ಹೆಬ್ಬೆರಳು ಕಿರುಬೆರಳು ಕೆಳಗೆ, ಉಳಿದ ಮೂರು ಮೇಲೆ. ಊಟಕ್ಕೆ ಎಡಗೈ ಹಚ್ಚಬಾರದು ಅಂತ ಮನೆಯಲ್ಲಿ ಕಲಿತದ್ದನ್ನು ಈ ಹದಿನೈದು ನಿಮಿಷ ಮರೆಯಬೇಕು, ಒಂದು ಕೈಯಲ್ಲಿ ಇದು ಆಗುವ ಕೆಲಸವಲ್ಲ. ಒಮ್ಮೆ ಕಚ್ಚಿದ ಮೇಲೆ ಕೆಳಗೆ ಇಡಬೇಡಿ. ಇಟ್ಟರೆ ಟೊಮೆಟೊ ಒಂದು ಕಡೆ, ಪ್ಯಾಟಿ ಒಂದು ಕಡೆ. ಕೆಳಗಿನ ಮೂಲೆಯಲ್ಲಿ ಮಾಂಸದ ರಸ, ಸಾಸ್, ಕರಗಿದ ಚೀಸ್ ಎಲ್ಲ ಇಳಿದು ನಿಲ್ಲುತ್ತದೆ. ಅದನ್ನು ಬಿಟ್ಟು ಬರಬೇಡಿ, ಕೊನೆಯಲ್ಲಿ ನಾಲ್ಕು ಫ್ರೈಸ್ ಉಳಿಸಿಕೊಂಡು ಅದರಲ್ಲಿ ಅದ್ದಿ ತಿನ್ನಿ.

ಫೋಟೋ ಬೇಕಿದ್ದರೆ ಬೇಗ ಒಂದೆರಡು ತೆಗೆಯಿರಿ, ಪಕ್ಕದವರ ಮುಖ ಬರದಿರಲಿ. ರೀಲ್ಸ್‌ಗೆ ಅಂತ ಚೀಸ್ ಎಳೆಯುತ್ತಾ ಕೂತರೆ ಬರ್ಗರ್ ಆರುತ್ತದೆ.

ಉಪ್ಪು ಕಾರ ಕಡಿಮೆ ಅನ್ನಿಸುವುದು ಗ್ಯಾರಂಟಿ, ನಮ್ಮ ನಾಲಿಗೆಯ ಲೆಕ್ಕವೇ ಬೇರೆ. ಮೊದಲ ಎರಡು ತುತ್ತು ಏನೂ ಸೇರಿಸದೆ ತಿನ್ನಿ. ಆಮೇಲೂ ಸಪ್ಪೆ ಅನ್ನಿಸಿದರೆ ಟೇಬಲ್ಲಿನಲ್ಲಿ ಸಾಸಿವೆ, ಕೆಚಪ್, ಟಬಾಸ್ಕೊ ಇರುತ್ತದೆ. ಬ್ಯಾಗಿನೊಳಗಿನ ಚಟ್ನಿಪುಡಿ ಅಲ್ಲೇ ಇರಲಿ, ದಯವಿಟ್ಟು.

ಬಿಲ್

ಬಾಗಿಲ ಬಳಿಯ ಕೌಂಟರಿನಲ್ಲಿ ಕೊಡುವುದೇ ಹೆಚ್ಚು. ದುಡ್ಡನ್ನು ಕೈಗೆ ಕೊಡದೆ ಅಲ್ಲಿರುವ ಸಣ್ಣ ತಟ್ಟೆಯಲ್ಲಿ ಇಡಿ. ಬೇರೆ ಬೇರೆ ಕೊಡುವುದಾದರೆ ‘ಬೆತ್ಸುಬೆತ್ಸು’ ಅನ್ನಿ. ಟಿಪ್ಸ್ ಇಲ್ಲ. ಇಟ್ಟು ಬಂದರೆ ‘ದುಡ್ಡು ಮರೆತಿರಿ’ ಅಂತ ರಸ್ತೆಯವರೆಗೂ ಓಡಿ ಬರುತ್ತಾರೆ. ಬೆಲೆಗೆ ತೆರಿಗೆ ಸೇರಿಸಿಯೇ ತೋರಿಸಬೇಕು ಅನ್ನುವ ನಿಯಮ 2021ರ ಏಪ್ರಿಲ್‌ನಿಂದ ಇದೆ. ಹೊರಡುವಾಗ ‘ಗೊಚಿಸೋಸಾಮಾ ದೆಶಿತಾ’ (ಊಟಕ್ಕೆ ಧನ್ಯವಾದ) ಅಂದರೆ ಕಾವಲಿ ಹಿಂದಿನಿಂದಲೂ ಉತ್ತರ ಬರುತ್ತದೆ.

ಪಾರ್ಸಲ್ ಕೊಡುವ ಅಂಗಡಿಗಳೂ ಇವೆ. 2019ರ ಅಕ್ಟೋಬರ್‌ನಿಂದ ಕೂತು ತಿಂದರೆ ಶೇ 10 ತೆರಿಗೆ, ಕಟ್ಟಿಸಿಕೊಂಡರೆ ಶೇ 8. ಆ ಶೇ 2ರ ಆಸೆಗೆ ಬೀಳಬೇಡಿ. ಕಾವಲಿಯಿಂದ ಇಳಿದ ಮಸಾಲೆ ದೋಸೆಯನ್ನು ಪಾರ್ಸಲ್ ಕಟ್ಟಿಸಿದ ಹಾಗೆ ಆಗುತ್ತದೆ.

ಕ್ಯೂಶೂ ಕಡೆ ಹೋಗುವವರಿದ್ದರೆ

ಕ್ಯೂಶೂ ಅಂದರೆ ಜಪಾನಿನ ನೈಋತ್ಯದ ದೊಡ್ಡ ದ್ವೀಪ. ಅಲ್ಲಿಯ ನಾಗಸಾಕಿ ಪ್ರಾಂತ್ಯದ ಸಾಸೆಬೊ ಊರನ್ನು ಬಿಡಬೇಡಿ. ಅಲ್ಲಿ ಅಮೆರಿಕದ ನೌಕಾನೆಲೆ ಇದೆ. 1950ರ ಆಸುಪಾಸಿನಲ್ಲಿ ಆ ನಾವಿಕರಿಂದ ಬರ್ಗರ್ ಕಲಿತ ಊರು ಅದು, ಟೋಕಿಯೋದ ಚೈನ್‌ಗಳಿಗಿಂತ ಎಷ್ಟೋ ಮೊದಲು. ಹಾಗಾಗಿ ಅಲ್ಲಿಯವರಿಗೆ ಬರ್ಗರ್ ದುಬಾರಿ ಶೋಕಿಯೇನಲ್ಲ, ಊರ ತಿಂಡಿ. ಮೊಟ್ಟೆ, ಬೇಕನ್, ಸಿಹಿ ಮಯೊನೀಸ್ ಹಾಕಿದ್ದು ಸಾಮಾನ್ಯ. ಒಂದೇ ಪಾಕವಿಧಾನ ಅಂತೇನೂ ಇಲ್ಲ, ಆರ್ಡರ್ ಬಂದ ಮೇಲೆ ಕೈಯಲ್ಲಿ ಮಾಡಬೇಕು ಅನ್ನುವುದೇ ಮುಖ್ಯ. ಊರಿನವರು ಪರಿಶೀಲಿಸಿ ಮಾನ್ಯತೆ ಕೊಟ್ಟ ಅಂಗಡಿಗಳಿವೆ, ಅವುಗಳಲ್ಲಿ ‘ಸಾಸೆಬೊ ಬರ್ಗರ್ ಬಾಯ್’ ಅನ್ನುವ ಬೊಂಬೆಯ ಚಿತ್ರ ಕಾಣುತ್ತದೆ. ಅದನ್ನು ಬರೆದವರು ಮಕ್ಕಳ ಕಾರ್ಟೂನ್ ಅನ್‌ಪಾನ್‌ಮಾನ್ ಖ್ಯಾತಿಯ ತಕಾಶಿ ಯಾನಸೆ. ಫುಕುಓಕಾ ನಗರದ ಹಕಾತಾ ಸ್ಟೇಷನ್ನಿನಿಂದ ಮಿದೊರಿ ಎಕ್ಸ್‌ಪ್ರೆಸ್ ಹತ್ತಿದರೆ ಎರಡು ಗಂಟೆಯೊಳಗೆ ಸಾಸೆಬೊ. ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು. ಹೊರಡುವ ಹಿಂದಿನ ರಾತ್ರಿ ಅಂಗಡಿಯ ವಾರದ ರಜೆ ಯಾವತ್ತು ಅಂತ ಮಾತ್ರ ನೋಡಿಕೊಂಡು ಟಿಕೆಟ್ ತೆಗೆಯಿರಿ.